ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಉದ್ಯೋಗಕ್ಕಾಗಿ ಊರು ಬಿಡಬೇಕೇ?

ಪದವಿ ಮುಗಿಸಿದ ಮಗಳಿಗೋ ಮಗನಿಗೋ ಬೆಂಗಳೂರಿನ ಸಂಸ್ಥೆಯೊಂದರಿಂದ ನೇಮಕಾತಿ ಪತ್ರ ಬಂದಿರುತ್ತದೆ. ಹುದ್ದೆಯ ಹೆಸರು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನಿಸ್ಟ್. ಹದಿನೈದು ದಿನಗಳೊಳಗೆ ಬಂದು ಸೇರಬೇಕೆಂಬ ಸೂಚನೆ. ಮಕ್ಕಳಾದರೂ ಕರ್ನಾಟಕಕ್ಕೆ ಮರಳುತ್ತಾರೆಂದು ತಂದೆಗೆ ಒಳಗೊಳಗೇ ಸಂತೋಷ. ತಾಯಿಗೆ ರಾತ್ರಿ ಪಾಳಿಯ ಆತಂಕ. ಅಜ್ಜಿಗಂತೂ ಈ ಕೆಲಸವೆಂದರೆ ಏನೆಂಬುದೇ ತಿಳಿಯದು. ಡೊಂಬಿವಲಿ, ಮುಲುಂಡ್, ಮೀರಾರೋಡ್ ಕಡೆಯ ನಮ್ಮ ಕನ್ನಡಿಗರ ಮನೆಗಳಲ್ಲಿ ಇಂಥ ಚರ್ಚೆ ಹೊಸದಲ್ಲ. ಆದರೆ ಈ ವೃತ್ತಿಯೇ ಕಳೆದ ಕೆಲವು ವರ್ಷಗಳಲ್ಲಿ ಬಹಳ ಬದಲಾಗಿರುವುದರಿಂದ, ಇಪ್ಪತ್ತು ವರ್ಷಗಳ ಹಿಂದೆ ಸರಿಯಾಗಿದ್ದ ಉತ್ತರ ಇಂದಿಗೆ ಸರಿಯಾಗಲಾರದು. ಆದ್ದರಿಂದ ಈ ಉದ್ಯೋಗದ ಸ್ವರೂಪ, ಅದರ ಇಂದಿನ ಸ್ಥಿತಿ ಮತ್ತು ಅದಕ್ಕಾಗಿ ಊರು ಬಿಡುವಾಗ ಮಾಡಿಕೊಳ್ಳಬೇಕಾದ ಲೆಕ್ಕಾಚಾರಗಳನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಕೆಲಸದ ಸ್ವರೂಪ

ಅಮೆರಿಕದ ವೈದ್ಯರು ರೋಗಿಯನ್ನು ಪರೀಕ್ಷಿಸಿದ ಬಳಿಕ ತಾವು ಕಂಡದ್ದನ್ನು, ಮಾಡಿದ ಚಿಕಿತ್ಸೆಯನ್ನು ಬರೆಯುವ ಬದಲು ಬಾಯಿಂದ ಹೇಳಿ ಧ್ವನಿಮುದ್ರಿಸುವ ಪದ್ಧತಿ ಬಹುಕಾಲದಿಂದ ಇದೆ. ಆ ಧ್ವನಿಯನ್ನು ಕೇಳಿ, ನಿಗದಿತ ನಮೂನೆಯ ವರದಿಯಾಗಿ ಟೈಪು ಮಾಡುವುದೇ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ರೋಗಿಯ ಹಿನ್ನೆಲೆ ಮತ್ತು ದೇಹಪರೀಕ್ಷೆ, ತಜ್ಞರ ಅಭಿಪ್ರಾಯ, ಶಸ್ತ್ರಚಿಕಿತ್ಸೆಯ ವಿವರ, ಆಸ್ಪತ್ರೆಯಿಂದ ಬಿಡುಗಡೆಯ ಸಾರಾಂಶ - ಇವು ವರದಿಗಳ ಮುಖ್ಯ ಬಗೆಗಳು. ಕಿವಿಗೆ ಹೆಡ್‌ಫೋನ್, ಕಾಲಡಿಯಲ್ಲಿ ಧ್ವನಿಯನ್ನು ನಿಲ್ಲಿಸಲು, ಹಿಂದಕ್ಕೆ ಸರಿಸಲು ಒಂದು ಪೆಡಲ್, ಎದುರಿಗೆ ಕಂಪ್ಯೂಟರ್ - ಉಪಕರಣಗಳು ಇಷ್ಟೇ. ಹೊಸಬರಿಗೆ ಒಂದು ನಿಮಿಷದ ಧ್ವನಿಯನ್ನು ಬರೆದು ಮುಗಿಸಲು ಐದಾರು ನಿಮಿಷಗಳೇ ಬೇಕಾಗಬಹುದು. ಪಳಗಿದವರು ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಸುತ್ತಾರೆ.

ಕೂಲಿಯ ಅಳತೆ ಸಾಮಾನ್ಯವಾಗಿ 'ಸಾಲು'. ಖಾಲಿ ಜಾಗಗಳೂ ಸೇರಿ 65 ಅಕ್ಷರಗಳಿಗೆ ಒಂದು ಸಾಲು ಎಂಬುದು ಈ ಉದ್ಯಮದಲ್ಲಿ ರೂಢವಾದ ಲೆಕ್ಕ. ದಿನಕ್ಕೆ ಎಷ್ಟು ಸಾಲು, ಅದರಲ್ಲಿ ಎಷ್ಟು ತಪ್ಪು ಎಂಬುದರ ಮೇಲೆ ಸಂಬಳ ಮತ್ತು ಬಡ್ತಿ ನಿಲ್ಲುತ್ತವೆ. ಮೊದಲು ಬರೆದವರ ವರದಿಯನ್ನು ಅನುಭವಿ ಸಂಪಾದಕರೊಬ್ಬರು ಮತ್ತೊಮ್ಮೆ ಧ್ವನಿಯೊಡನೆ ಹೋಲಿಸಿ ತಿದ್ದುತ್ತಾರೆ. ಈ ತಿದ್ದುವವರ ಸಹವಾಸವೇ ಹೊಸಬರಿಗೆ ನಿಜವಾದ ಪಾಠಶಾಲೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಊರು ಬಿಡುವ ಪ್ರಶ್ನೆಗೆ ಇದೇ ಕೀಲಿಕೈ.

ಇಂಗ್ಲಿಷ್ ಬಲ್ಲವರು ಯಾರೂ ಈ ಕೆಲಸ ಮಾಡಬಹುದೆಂಬ ಭಾವನೆ ತಪ್ಪು. ಸಣ್ಣ ಕರುಳಿನ ಕೊನೆಯ ಭಾಗಕ್ಕೂ ಸೊಂಟದ ಮೂಳೆಗೂ ಕಿವಿಗೆ ಕೇಳಿಸುವ ಹೆಸರು ಒಂದೇ, 'ಇಲಿಯಮ್'. ಇಂಗ್ಲಿಷಿನಲ್ಲಿ ಒಂದು ಅಕ್ಷರ ಮಾತ್ರ ಬೇರೆ. ಸೆಲೆಬ್ರೆಕ್ಸ್ ಕೀಲುನೋವಿನ ಮಾತ್ರೆ, ಸೆಲೆಕ್ಸಾ ಖಿನ್ನತೆಯ ಮಾತ್ರೆ. ರಕ್ತದ ಒತ್ತಡ ಏರಿದರೆ ಹೈಪರ್‌ಟೆನ್ಷನ್, ಇಳಿದರೆ ಹೈಪೋಟೆನ್ಷನ್. ಆತುರದಲ್ಲಿ ನುಂಗಿ ನುಂಗಿ ಮಾತನಾಡುವ ವೈದ್ಯರ ಧ್ವನಿಯಲ್ಲಿ ಇವುಗಳನ್ನು ಬೇರ್ಪಡಿಸಲು ಶರೀರಶಾಸ್ತ್ರ, ಔಷಧಗಳ ಜ್ಞಾನ ಮತ್ತು ಸಂದರ್ಭವನ್ನು ಗ್ರಹಿಸುವ ಬುದ್ಧಿ ಮೂರೂ ಬೇಕು. ಕೇಳಿಸದ ಪದಕ್ಕೆ ಊಹೆಯಿಂದ ಏನನ್ನೋ ಬರೆಯದೆ ಖಾಲಿ ಜಾಗ ಬಿಟ್ಟು ಗುರುತು ಹಾಕುವುದು ಈ ವೃತ್ತಿಯ ಮೊದಲ ಧರ್ಮ.

ಒಂದು ಸೊನ್ನೆಯ ಬೆಲೆ

ಈ ಧರ್ಮದ ಮಹತ್ವ ತಿಳಿಯಲು ಒಂದು ಪ್ರಕರಣ ಸಾಕು. 2008ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮಧುಮೇಹದ ರೋಗಿಯೊಬ್ಬರು ಆಸ್ಪತ್ರೆಯಿಂದ ಬಿಡುಗಡೆಯಾಗಿ ಶುಶ್ರೂಷಾ ಕೇಂದ್ರಕ್ಕೆ ಹೋದರು. ವೈದ್ಯರು ಹೇಳಿದ ಇನ್ಸುಲಿನ್ ಪ್ರಮಾಣ 8 ಯೂನಿಟ್. ಟೈಪಾದ ವರದಿಯಲ್ಲಿ ಅದು 80 ಆಗಿತ್ತು. ಆ ಪ್ರಮಾಣದ ಚುಚ್ಚುಮದ್ದಿನ ನಂತರ ಆಕೆ ಚೇತರಿಸಿಕೊಳ್ಳಲಿಲ್ಲ. ಆ ಆಸ್ಪತ್ರೆಯ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಗುತ್ತಿಗೆಯ ಮೂಲಕ ಭಾರತಕ್ಕೆ ಬರುತ್ತಿತ್ತು. 2012ರಲ್ಲಿ ಅಲ್ಲಿಯ ಜ್ಯೂರಿ 14 ಕೋಟಿ ಡಾಲರ್ ಪರಿಹಾರದ ತೀರ್ಪು ನೀಡಿತು. ಈ ಉದ್ಯೋಗವನ್ನು 'ಕುಳಿತು ಟೈಪು ಮಾಡುವ ಕೆಲಸ'ವೆಂದು ಹಗುರವಾಗಿ ಕಾಣುವ ಹಿರಿಯರು ಇದನ್ನು ಗಮನಿಸಬೇಕು. ಸಾಲುಗಳ ಲೆಕ್ಕದ ಒತ್ತಡದಲ್ಲಿ, ನಡುರಾತ್ರಿಯ ತೂಕಡಿಕೆಯಲ್ಲಿ, ಹನ್ನೆರಡು ಸಾವಿರ ಕಿಲೋಮೀಟರಿಗೂ ದೂರದ ಒಬ್ಬರ ಪ್ರಾಣ ಈ ಕೈಗಳಲ್ಲಿರುತ್ತದೆ.

ಬಂದ ಬಗೆ, ಇಂದಿನ ಸ್ಥಿತಿ

1990ರ ದಶಕದಲ್ಲಿ ಈ ಕೆಲಸ ಭಾರತಕ್ಕೆ ಬಂದಾಗ ಬೆಂಗಳೂರು ಅದರ ಮೊದಲ ನೆಲೆಗಳಲ್ಲಿ ಒಂದಾಗಿತ್ತು. ಅಮೆರಿಕದ ವೈದ್ಯರು ಸಂಜೆ ಧ್ವನಿ ಮುದ್ರಿಸಿ ಮನೆಗೆ ಹೋಗುವ ಹೊತ್ತಿಗೆ ನಮ್ಮಲ್ಲಿ ಬೆಳಗಾಗುತ್ತದೆ. ಅವರು ಮರುದಿನ ಬರುವಷ್ಟರಲ್ಲಿ ವರದಿ ಸಿದ್ಧ. ಹಗಲಿರುಳಿನ ಈ ವ್ಯತ್ಯಾಸವೇ ಬಂಡವಾಳವಾಯಿತು. ಹೈದರಾಬಾದ್, ಚೆನ್ನೈ, ಕೊಯಮತ್ತೂರು, ಕೊಚ್ಚಿಗಳಲ್ಲೂ ಕೇಂದ್ರಗಳು ಹುಟ್ಟಿದವು. 2000ದ ಸುಮಾರಿಗೆ ಬೀದಿಗೊಂದು ತರಬೇತಿ ಸಂಸ್ಥೆ ತೆರೆದು, ಸಾವಿರಾರು ರೂಪಾಯಿ ಶುಲ್ಕ ಪಡೆದು, ಕೆಲಸ ಕೊಡಿಸದೆ ಬಾಗಿಲು ಮುಚ್ಚಿದ ಕಥೆಗಳೂ ನಮ್ಮ ನೆನಪಿನಲ್ಲಿವೆ.

ಇನ್ನೊಂದು ಘಟನೆಯನ್ನೂ ಹೇಳಬೇಕು. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಆಸ್ಪತ್ರೆಯೊಂದಕ್ಕೆ ಕರಾಚಿಯಿಂದ ಬೆದರಿಕೆಯ ಪತ್ರ ಬಂದಿತು. ತನ್ನ ಬಾಕಿ ಕೂಲಿ ಕೊಡದಿದ್ದರೆ ರೋಗಿಗಳ ವಿವರಗಳನ್ನು ಅಂತರಜಾಲದಲ್ಲಿ ಬಹಿರಂಗಪಡಿಸುವುದಾಗಿ ಟ್ರಾನ್ಸ್‌ಕ್ರಿಪ್ಷನ್ ಮಾಡುತ್ತಿದ್ದ ಮಹಿಳೆ ಬರೆದಿದ್ದರು. ವಿಚಾರಿಸಿದಾಗ, ಆಸ್ಪತ್ರೆಗೂ ಆಕೆಗೂ ನಡುವೆ ಗುತ್ತಿಗೆಯ ಮೇಲೆ ಗುತ್ತಿಗೆಯಾಗಿ ಹಲವರು ಇದ್ದುದು ಕಂಡುಬಂತು. ಬೆದರಿಕೆ ಸರ್ವಥಾ ತಪ್ಪು. ಆದರೆ ಮಧ್ಯವರ್ತಿಗಳ ಸರಪಳಿ ಉದ್ದವಾದಷ್ಟೂ ಕೊನೆಯ ಕೊಂಡಿಗೆ ಕೂಲಿ ತಲಪುವುದು ಕಷ್ಟವೆಂಬ ಪಾಠವೂ ಅದರಲ್ಲಿದೆ. ನೇಮಕ ಮಾಡುವ ಸಂಸ್ಥೆಗೆ ಆಸ್ಪತ್ರೆಗಳೊಡನೆ ನೇರ ಒಪ್ಪಂದವಿದೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಅನಂತರದ ಬದಲಾವಣೆಗಳು ವೃತ್ತಿಯ ಬುಡವನ್ನೇ ಅಲುಗಾಡಿಸಿದವು. 2009ರ ಕಾನೂನಿನ ಮೂಲಕ ಅಮೆರಿಕ ಸರಕಾರ ಆಸ್ಪತ್ರೆಗಳಿಗೆ ಪ್ರೋತ್ಸಾಹಧನ ನೀಡಿ ದಾಖಲೆಗಳನ್ನು ಕಂಪ್ಯೂಟರಿಗೆ ತರಿಸಿತು. ಅನೇಕ ವೈದ್ಯರು ತಾವೇ ಪರದೆಯ ಮೇಲೆ ಆಯ್ಕೆಗಳನ್ನು ಒತ್ತಿ ದಾಖಲಿಸತೊಡಗಿದರು. ಮಾತನ್ನು ತಾನೇ ಅಕ್ಷರವಾಗಿಸುವ ತಂತ್ರಾಂಶಗಳು ಸುಧಾರಿಸಿದವು. ಬರೆಯುವವರು ಯಂತ್ರ ಬರೆದುದನ್ನು ತಿದ್ದುವವರಾದರು ಮತ್ತು ಸಾಲಿನ ದರ ಇಳಿಯಿತು. ಈ ತಂತ್ರಾಂಶಗಳಲ್ಲಿ ಪ್ರಸಿದ್ಧವಾದ ನ್ಯುಯಾನ್ಸ್ ಸಂಸ್ಥೆಯನ್ನು ಮೈಕ್ರೋಸಾಫ್ಟ್ 2022ರಲ್ಲಿ ತನ್ನದಾಗಿಸಿಕೊಂಡಿತು. ಈಗ ವೈದ್ಯರು ಮತ್ತು ರೋಗಿಯ ನಡುವಿನ ಸಂಭಾಷಣೆಯನ್ನೇ ಕೇಳಿಸಿಕೊಂಡು ವರದಿಯ ಕರಡನ್ನು ಸಿದ್ಧಪಡಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಳಕೆಗೆ ಬಂದಿವೆ. ಈ ವೃತ್ತಿಯ ಹುದ್ದೆಗಳು ಮುಂದಿನ ವರ್ಷಗಳಲ್ಲಿ ಕಡಿಮೆಯಾಗಲಿವೆಯೆಂದು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯೇ ಅಂದಾಜಿಸಿದೆ.

ಹಾಗೆಂದು ಎಲ್ಲವೂ ಮುಗಿಯಿತೆಂದಲ್ಲ. ಯಂತ್ರದ ಕರಡನ್ನು ಪರಿಶೀಲಿಸುವವರು, ವೈದ್ಯರ ತಪಾಸಣೆಯನ್ನು ನೇರವಾಗಿ ಕೇಳುತ್ತ ಟಿಪ್ಪಣಿ ಸಿದ್ಧಪಡಿಸುವ ಸ್ಕ್ರೈಬ್‌ಗಳು, ರೋಗ ಮತ್ತು ಚಿಕಿತ್ಸೆಗಳಿಗೆ ವಿಮೆಯ ಸಲುವಾಗಿ ಸಂಕೇತ ಸಂಖ್ಯೆ ನೀಡುವ ಮೆಡಿಕಲ್ ಕೋಡರ್‌ಗಳು - ಇವರಿಗೆ ಬೆಂಗಳೂರು, ಹೈದರಾಬಾದ್, ಚೆನ್ನೈಗಳಲ್ಲಿ ಕೆಲಸವಿದೆ. ಟ್ರಾನ್ಸ್‌ಕ್ರಿಪ್ಷನ್ನಿನಲ್ಲಿ ಕಲಿತ ವೈದ್ಯಕೀಯ ಭಾಷೆ ಇವೆಲ್ಲಕ್ಕೂ ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಇದನ್ನು ನಿವೃತ್ತಿಯವರೆಗಿನ ಉದ್ಯೋಗವೆಂದು ಬಗೆಯದೆ, ಎರಡು ವರ್ಷಗಳ ಮೆಟ್ಟಿಲೆಂದು ತಿಳಿಯುವುದು ವಿವೇಕ.

ಊರು ಬಿಡುವ ಅಗತ್ಯವೆಷ್ಟು?

ಇಲ್ಲಿ ಒಂದು ಸಹಜ ಪ್ರಶ್ನೆ ಏಳುತ್ತದೆ. ಧ್ವನಿ ಅಮೆರಿಕದಿಂದ ಬೆಂಗಳೂರಿಗೆ ಬರಬಹುದಾದರೆ ಡೊಂಬಿವಲಿಗೆ ಏಕೆ ಬರಬಾರದು? ಖಂಡಿತ ಬರಬಹುದು. ಮನೆಯಿಂದಲೇ ಈ ಕೆಲಸ ಮಾಡುವ ಪದ್ಧತಿ ಮೊದಲೇ ಇತ್ತು. 2020ರ ಲಾಕ್‌ಡೌನ್ ನಂತರ ಇನ್ನಷ್ಟು ವ್ಯಾಪಕವಾಯಿತು. ಎರಡು ಮೂರು ವರ್ಷಗಳ ಅನುಭವವಿರುವವರು ಊರು ಬದಲಿಸುವ ಮುನ್ನ ಮನೆಯಿಂದ ದುಡಿಯುವ ಅವಕಾಶವನ್ನು ಸ್ಪಷ್ಟವಾಗಿ ಕೇಳಲೇಬೇಕು.

ಹೊಸಬರ ಮಾತು ಬೇರೆ. ಮೊದಲ ಆರು ತಿಂಗಳು ಪಕ್ಕದಲ್ಲಿ ಕುಳಿತು ತಿದ್ದುವ ಹಿರಿಯರಿದ್ದರೆ ಕಲಿಕೆ ಬೇಗ ಸಾಗುತ್ತದೆ. 'ಇಲ್ಲಿ ನೋಡು, ವೈದ್ಯರು ಹದಿನೈದು ಎನ್ನಲಿಲ್ಲ, ಐವತ್ತು ಎಂದರು. ಮತ್ತೊಮ್ಮೆ ಕೇಳು' ಎಂದು ಆ ಕ್ಷಣದಲ್ಲೇ ಹೇಳುವವರು ಮನೆಯಲ್ಲಿ ಸಿಗುವುದಿಲ್ಲ. ಹೀಗಾಗಿ ಊರು ಬಿಡುವುದಾದರೆ ಅದು ಈ ಕಲಿಕೆಗಾಗಿ ಮಾತ್ರ ಸಾರ್ಥಕ. ಸಂಸ್ಥೆಯಲ್ಲಿ ಅಂಥ ತಿದ್ದುವ ವ್ಯವಸ್ಥೆಯೇ ಇಲ್ಲದೆ, ನಾಲ್ಕು ವಾರಗಳ ಪಾಠದ ನಂತರ ಸಾಲುಗಳ ಗುರಿ ಒಪ್ಪಿಸಿ ಕೂರಿಸುವುದಾದರೆ, ಬೆಂಗಳೂರಿನಲ್ಲಿ ಕುಳಿತರೂ ಮುಂಬಯಿಯಲ್ಲಿ ಕುಳಿತರೂ ಒಂದೇ. ತರಬೇತಿಗೆ ಅಭ್ಯರ್ಥಿಯಿಂದಲೇ ದೊಡ್ಡ ಮೊತ್ತ ಕೇಳುವ ಕಡೆ ಮತ್ತಷ್ಟು ಎಚ್ಚರ ಬೇಕು.

ಕೈಗೆ ಬರುವ ಹಣ

ನೇಮಕಾತಿ ಪತ್ರದಲ್ಲಿ ಕಾಣುವ ಅಂಕಿಯೂ ತಿಂಗಳ ಕೊನೆಯಲ್ಲಿ ಬ್ಯಾಂಕಿಗೆ ಬರುವ ಅಂಕಿಯೂ ಒಂದೇ ಅಲ್ಲ. ಲೆಕ್ಕದ ರೀತಿಯನ್ನು ತೋರಿಸಲು ಒಂದು ಉದಾಹರಣೆ ಹಿಡಿಯೋಣ. ಪತ್ರದಲ್ಲಿ ತಿಂಗಳಿಗೆ 20,000 ರೂ. ಎಂದಿದೆ; ಮೂಲವೇತನ 10,000 ರೂ. ಈ ಒಟ್ಟು ಅಂಕಿಯಲ್ಲಿ ಮಾಲೀಕರು ಕಟ್ಟುವ ಭವಿಷ್ಯನಿಧಿಯ 1,200 ರೂ. ಮತ್ತು ಇಎಸ್‌ಐ ಪಾಲೂ ಸೇರಿರುತ್ತವೆ. ಅವನ್ನು ಕಳೆದು, ಉದ್ಯೋಗಿಯ ಪಾಲಿನ ಭವಿಷ್ಯನಿಧಿ 1,200 ರೂ. ಹಾಗೂ ಅಲ್ಪ ಪ್ರಮಾಣದ ಇಎಸ್‌ಐ ಕಳೆದರೆ ಕೈಗೆ ಬರುವುದು ಸುಮಾರು 16,900 ರೂ. ಊಟಸಹಿತ ಪಿ.ಜಿ.ಗೆ 9,000, ಓಡಾಟಕ್ಕೆ 1,500, ಫೋನಿಗೆ 500, ಹೊರಗಿನ ತಿಂಡಿ, ಔಷಧ ಮುಂತಾದವಕ್ಕೆ 1,500, ಊರಿಗೆ ಬಂದುಹೋಗಲು ತಿಂಗಳಿಗೆ 1,000 ಎಂದು ಹಿಡಿದರೆ ಖರ್ಚು 13,500 ರೂ. ಉಳಿಯುವುದು 3,400 ರೂ.

ಅದೇ ಅಭ್ಯರ್ಥಿ ಮುಂಬಯಿಯಲ್ಲಿ ತಂದೆತಾಯಿಯ ಮನೆಯಲ್ಲಿದ್ದು ಕೈಗೆ 14,000 ರೂ. ಬರುವ ಸಾಧಾರಣ ಉದ್ಯೋಗ ಹಿಡಿದರೆ, ರೈಲಿನ ಪಾಸು ಮತ್ತು ಸ್ವಂತ ಖರ್ಚಿಗೆ 2,000 ಹೋಗಿ 12,000 ರೂ. ಮನೆಗೆ ಉಳಿಯುತ್ತದೆ. ಹೆಚ್ಚು ಸಂಬಳದ ಉದ್ಯೋಗದಿಂದ ಮನೆಗೆ ಕಡಿಮೆ ಹಣ! ತಮ್ಮನ ಕಾಲೇಜು ಶುಲ್ಕವೋ ಮನೆಸಾಲದ ಕಂತೋ ಈ ಗಳಿಕೆಯನ್ನು ನೆಚ್ಚಿಕೊಂಡಿದ್ದರೆ ಈ ಅಂತರವನ್ನು ಮುಚ್ಚಿಡದೆ ಎಲ್ಲರೂ ಕುಳಿತು ನೋಡಬೇಕು. ತಮ್ಮ ನೈಜ ಅಂಕಿಗಳನ್ನು ಹಾಕಿಕೊಂಡು ಪ್ರತಿ ಕುಟುಂಬವೂ ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಳ್ಳಲಿ. ಸಂಬಳ ಸಾಲುಗಳ ಮೇಲೆ ನಿಂತಿದ್ದರೆ, ಮೊದಲ ತಿಂಗಳುಗಳಲ್ಲಿ ಗುರಿ ತಲಪದೆ ಕಡಿಮೆ ಬರುವ ಸಾಧ್ಯತೆಯನ್ನೂ ಸೇರಿಸಬೇಕು.

ಪಿ.ಜಿ. ಬಿಟ್ಟು ಮನೆ ಮಾಡುವುದಾದರೆ ಇನ್ನೊಂದು ಹೊರೆ. ಮುಂಬಯಿಯ ಹನ್ನೊಂದು ತಿಂಗಳ ಕರಾರಿಗೆ ಒಗ್ಗಿಕೊಂಡ ನಮಗೆ, ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವ ಬೆಂಗಳೂರಿನ ಹಳೆಯ ವಾಡಿಕೆ ದಿಗಿಲು ಹುಟ್ಟಿಸುತ್ತದೆ. ಅಷ್ಟು ಕೇಳದವರೂ ಈಗ ಇದ್ದಾರೆ; ಆದರೂ ಒಂದು ದೊಡ್ಡ ಮೊತ್ತ ಸಿದ್ಧವಿರಬೇಕು.

ರಾತ್ರಿ ಪಾಳಿ ಮತ್ತು ನೆಂಟರ ಮನೆ

ಟ್ರಾನ್ಸ್‌ಕ್ರಿಪ್ಷನ್ನಿಗೆ ಹಗಲು ಪಾಳಿಯೂ ಉಂಟು, ಏಕೆಂದರೆ ಅಮೆರಿಕದ ನಿನ್ನೆಯ ಧ್ವನಿಯನ್ನು ನಾವು ಇಂದು ಬರೆಯಬಹುದು. ಸ್ಕ್ರೈಬ್ ಕೆಲಸ ಹಾಗಲ್ಲ. ವೈದ್ಯರು ರೋಗಿಯನ್ನು ನೋಡುವಾಗಲೇ ಇವರೂ ಕೇಳುತ್ತಿರಬೇಕು. ನ್ಯೂಯಾರ್ಕಿನಲ್ಲಿ ಬೇಸಿಗೆಯ ಬೆಳಗಿನ 9 ಗಂಟೆ ನಮಗೆ ಸಂಜೆ 6.30; ಅಲ್ಲಿಯ ಸಂಜೆ 5 ಎಂದರೆ ನಮ್ಮ ನಡುರಾತ್ರಿ ಕಳೆದು 2.30. ಕ್ಯಾಲಿಫೋರ್ನಿಯಾದ ವೈದ್ಯರಾದರೆ ರಾತ್ರಿ 9.30ರಿಂದ ಮುಂಜಾವಿನ 5.30ರವರೆಗೆ. ಚಳಿಗಾಲದಲ್ಲಿ ಇವೆಲ್ಲ ಒಂದು ಗಂಟೆ ಮುಂದೆ ಹೋಗುತ್ತವೆ. ಆದ್ದರಿಂದ 'ಯಾವ ಪಾಳಿ' ಎಂಬುದರ ಜೊತೆಗೆ 'ಅಮೆರಿಕದ ಯಾವ ಭಾಗದ ವೈದ್ಯರು' ಎಂದೂ ಕೇಳಬೇಕು. ದೀರ್ಘಕಾಲದ ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2007ರಲ್ಲಿ, ಮರಳಿ 2019ರಲ್ಲಿ, ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲ ಅಂಶಗಳ ಪಟ್ಟಿಯಲ್ಲಿ ಸೇರಿಸಿದೆ. ಹೆದರಬೇಕಾಗಿಲ್ಲ, ಆದರೆ ವರ್ಷಗಟ್ಟಲೆ ಎಳೆಯುವುದೂ ಬೇಡ. ರಾತ್ರಿ ದುಡಿಯುವ ಮಹಿಳೆಯರಿಗೆ ಮನೆಯಿಂದ ಕರೆದೊಯ್ದು ಮರಳಿ ಬಿಡುವ ವಾಹನ ವ್ಯವಸ್ಥೆ ಸಂಸ್ಥೆಯ ಹೊಣೆ. ಅದು ಮನೆಯ ಬಾಗಿಲಿಗೆ ಬರುತ್ತದೆಯೇ, ಮುಖ್ಯರಸ್ತೆಯಲ್ಲೇ ಇಳಿಸಿ ಹೋಗುತ್ತದೆಯೇ ಎಂಬುದನ್ನು ಅಲ್ಲಿ ಈಗಾಗಲೇ ಕೆಲಸ ಮಾಡುವವರಿಂದ ತಿಳಿಯಬೇಕು.

'ಬೆಂಗಳೂರಿನಲ್ಲಿ ಚಿಕ್ಕಪ್ಪನ ಮನೆ ಇದೆಯಲ್ಲ' ಎಂಬುದು ನಮ್ಮ ಕುಟುಂಬಗಳಲ್ಲಿ ಬರುವ ಮೊದಲ ಮಾತು. ಹದಿನೈದು ದಿನ ಬೀಡುಬಿಡಲು ಅದು ಸರಿ. ಆದರೆ ಮುಂಜಾವಿನ 4ಕ್ಕೆ ಗೇಟು ತೆಗೆಸಿ ಒಳಬಂದು, ಮನೆಯವರು ಎದ್ದು ಓಡಾಡುವ ಹೊತ್ತಿಗೆ ನಿದ್ರಿಸಿ, ಮಧ್ಯಾಹ್ನ ಊಟಕ್ಕೇಳುವ ಹುಡುಗಿಯನ್ನು ಸಣ್ಣ ಮನೆಯಲ್ಲಿ ವರ್ಷವಿಡೀ ಇರಿಸಿಕೊಳ್ಳುವುದು ಯಾವ ಚಿಕ್ಕಮ್ಮನಿಗೂ ಸುಲಭವಲ್ಲ. ಬೆಳಗಿನ 8ಕ್ಕೆ ಕುಕ್ಕರ್ ಕೂಗಬೇಕು, ಮಕ್ಕಳು ಶಾಲೆಗೆ ಹೊರಡಬೇಕು. ಒಳಕೋಣೆಯಲ್ಲಿ ನಿದ್ರೆ ಕೆಡುತ್ತಿರುತ್ತದೆ. ಯಾರ ತಪ್ಪೂ ಇಲ್ಲದೆ ಎರಡು ಮನೆಗಳ ನಡುವೆ ಮುನಿಸು ಬೆಳೆಯುತ್ತದೆ. ಅದೇ ಪಾಳಿಯ ಸಹೋದ್ಯೋಗಿಗಳೊಡನೆ ಬೇರೆ ವಸತಿ ಮಾಡಿಕೊಂಡು, ಭಾನುವಾರ ಚಿಕ್ಕಪ್ಪನ ಮನೆಗೆ ಊಟಕ್ಕೆ ಹೋದರೆ ಬಾಂಧವ್ಯವೂ ನಿದ್ರೆಯೂ ಉಳಿಯುತ್ತವೆ.

ಬಾಂಡ್ ಮತ್ತು ಮೂಲ ಪ್ರಮಾಣಪತ್ರ

ಎರಡು ವರ್ಷ ಬಿಡದೆ ದುಡಿಯಬೇಕು, ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಎಂಬ ಬಾಂಡ್‌ಗಳು ಈ ಕ್ಷೇತ್ರದಲ್ಲಿ ಉಂಟು. 'ಅದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ' ಎಂದು ಹೇಳುವ ಹಿತೈಷಿಗಳನ್ನು ನಂಬಿ ಸಹಿ ಹಾಕಬಾರದು. ಸರಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ, ಮೂರು ವರ್ಷಗಳ ಕನಿಷ್ಠ ಸೇವೆ ಮತ್ತು 2 ಲಕ್ಷ ರೂ.ಗಳ ಬಾಂಡನ್ನು ಸುಪ್ರೀಂ ಕೋರ್ಟು 2025ರಲ್ಲಿ ಎತ್ತಿಹಿಡಿದಿದೆ. ಮೊತ್ತ ನ್ಯಾಯಸಮ್ಮತವೇ, ಸಂಸ್ಥೆ ನಿಜವಾಗಿ ತರಬೇತಿಗೆ ವೆಚ್ಚ ಮಾಡಿದೆಯೇ ಎಂಬುದು ಆಯಾ ಪ್ರಕರಣದ ಮಾತು. ಬಾಂಡಿನಲ್ಲಿ ಒಂದು ಸಾಲನ್ನು ಸೇರಿಸಲು ಕೇಳಿಕೊಳ್ಳಿ: ಸಂಸ್ಥೆಯೇ ಕೆಲಸದಿಂದ ತೆಗೆದರೆ ಅಥವಾ ಕೇಂದ್ರ ಮುಚ್ಚಿದರೆ ಹಣ ಕಟ್ಟಬೇಕಾಗಿಲ್ಲ ಎಂದು. ಕುಗ್ಗುತ್ತಿರುವ ಉದ್ಯಮದಲ್ಲಿ ಈ ಸಾಲಿಗೆ ಬಹಳ ಬೆಲೆಯಿದೆ. ಮೂಲ ಅಂಕಪಟ್ಟಿ, ಪದವಿಪತ್ರಗಳನ್ನು ತೋರಿಸಿ, ಪ್ರತಿಗಳನ್ನು ಮಾತ್ರ ಕೊಡಿ. ಮೂಲಪತ್ರಗಳನ್ನೇ ಇಟ್ಟುಕೊಳ್ಳುತ್ತೇವೆನ್ನುವ ಕಡೆ ಸೇರದಿರುವುದೇ ಕ್ಷೇಮ.

ಯಾರು ಹೋಗಬಹುದು, ಯಾರು ಕಾಯಬೇಕು

ಇಷ್ಟೆಲ್ಲ ಹೇಳಿ ನಿರ್ಣಯವನ್ನು ಓದುಗರ ಮೇಲೆಯೇ ಹೊರಿಸುವುದು ಸರಿಯಲ್ಲ. ನಮ್ಮ ಅಭಿಪ್ರಾಯ ಹೀಗಿದೆ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು, ಜೀವವಿಜ್ಞಾನದಲ್ಲಿ ಆಸಕ್ತಿ, ಮನೆಯ ಆರ್ಥಿಕ ಹೊರೆ ಹೆಗಲ ಮೇಲಿಲ್ಲ, ಸಂಸ್ಥೆ ಸಂಬಳ ಕೊಟ್ಟು ತರಬೇತಿ ನೀಡುತ್ತದೆ, ಅದೇ ಸಂಸ್ಥೆಯಲ್ಲಿ ಪರಿಶೀಲನೆ, ಸ್ಕ್ರೈಬ್ ಅಥವಾ ಕೋಡಿಂಗ್ ವಿಭಾಗಗಳೂ ಇವೆ - ಇವೆಲ್ಲ ಕೂಡಿಬಂದರೆ ಹೋಗಬಹುದು. ಎರಡು ವರ್ಷಗಳ ಗಡುವು ಇಟ್ಟುಕೊಂಡು, ಅಷ್ಟರೊಳಗೆ ಮುಂದಿನ ಮೆಟ್ಟಿಲಿಗೆ ಬೇಕಾದ ಪರೀಕ್ಷೆ ಬರೆದು ಏರಬೇಕು.

ಮನೆ ನಡೆಯುವುದೇ ತನ್ನ ಗಳಿಕೆಯಿಂದ ಎನ್ನುವವರು, ಗಂಡನ ಉದ್ಯೋಗವನ್ನೋ ಮಕ್ಕಳ ಶಾಲೆಯನ್ನೋ ಬದಲಿಸಬೇಕಾಗುವವರು, ನಿದ್ರೆಯ ಅಥವಾ ಕಿವಿಯ ತೊಂದರೆ ಇರುವವರು ಈ ಉದ್ಯೋಗಕ್ಕಾಗಿ ಸಂಸಾರ ಕೀಳುವುದು ಬೇಡ. ಅನುಭವವಿದ್ದರೆ ಮನೆಯಿಂದಲೇ ಮಾಡಲಿ. ಇಲ್ಲವಾದರೆ ಮುಂಬಯಿಯಲ್ಲೇ ವೈದ್ಯಕೀಯ ದಾಖಲೆಗಳಿಗೆ ಸಂಬಂಧಿಸಿದ ಬೇರೆ ಕೆಲಸ ಹುಡುಕಲಿ. ಹೋಗುವವರೂ ಮೊದಲ ಮೂರು ತಿಂಗಳು ಇಲ್ಲಿಯ ಕೋಣೆ, ಬ್ಯಾಂಕ್ ಖಾತೆ, ವಿಳಾಸ ಯಾವುದನ್ನೂ ಬದಲಿಸದೆ, ಮರಳುವ ದಾರಿಯನ್ನು ತೆರೆದಿಟ್ಟುಕೊಂಡಿರಲಿ. ಮರಳಿ ಬಂದರೆ ಅದು ಸೋಲಲ್ಲವೆಂದು ಹೊರಡುವ ಮುನ್ನವೇ ಹಿರಿಯರು ಬಾಯಿಬಿಟ್ಟು ಹೇಳಲಿ. ಆ ಮಾತಿಲ್ಲದೆ ಹೋದ ಮಕ್ಕಳು ಕಷ್ಟವನ್ನು ಫೋನಿನಲ್ಲಿ ಹೇಳಿಕೊಳ್ಳುವುದಿಲ್ಲ.

ನಮ್ಮ ಹಿರಿಯರು ಚಿಕ್ಕ ವಯಸ್ಸಿನಲ್ಲಿ ಊರು ಬಿಟ್ಟು ಮುಂಬಯಿಗೆ ಬಂದು, ಹಗಲು ಹೊಟೇಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಬದುಕು ಕಟ್ಟಿಕೊಂಡರು. ಅವರಿಗೆ ಲೆಕ್ಕ ಹಾಕುವ ಅವಕಾಶವೇ ಇರಲಿಲ್ಲ. ಬಡತನವೇ ನಿರ್ಣಯ ಮಾಡಿತ್ತು. ಇಂದು ಅವರ ಮೊಮ್ಮಕ್ಕಳು ಅದೇ ಹಾದಿಯಲ್ಲಿ ತಿರುಗಿ ಹೋಗುವಾಗ, ಅವರಿಗೆ ಆಲೋಚಿಸಲು ಒಂದು ವಾರದ ಸಮಯವಾದರೂ ಇದೆ. ಆ ಒಂದು ವಾರವನ್ನು ಸಂಪೂರ್ಣವಾಗಿ ಬಳಸಿಕೊಳ್ಳಲಿ. ಉದ್ಯಾನ್ ಎಕ್ಸ್‌ಪ್ರೆಸ್ ಒಂದು ಹಗಲು ಒಂದು ರಾತ್ರಿಯಲ್ಲಿ ಬೆಂಗಳೂರಿಗೆ ತಲಪಿಸುತ್ತದೆ. ಸಾಧ್ಯವಾದರೆ ತಂದೆಯೋ ತಾಯಿಯೋ ಜೊತೆಗೆ ಹೋಗಿ, ಕಚೇರಿಯನ್ನೂ ವಸತಿಯನ್ನೂ ಕಣ್ಣಾರೆ ಕಂಡು, ಅಲ್ಲಿ ದುಡಿಯುವ ಇಬ್ಬರೊಡನೆ ಮಾತನಾಡಿ ಬಂದ ಮೇಲೆಯೇ ಸಹಿ ಬೀಳಲಿ. ದೂರದ ಬೆಟ್ಟ ಎಷ್ಟು ನುಣ್ಣಗಿದೆಯೆಂಬುದು ಹತ್ತಿರ ಹೋದಾಗಲೇ ತಿಳಿಯುವುದು.